ಉಳಿಸಿಕೊಂಡ ದವಡೆ ಹಲ್ಲು

ಮಠದ ದಾಸೋಹದ ಅಡುಗೆ ನೋಡಿಕೊಳ್ಳುತ್ತಿದ್ದ ನಿಜಗುಣ ಒಂದು ದಿನ ಗುರುಗಳನ್ನು ಕೇಳಿದ:

"ಬುದ್ಧೀ, ಜೊತೆಗೆ ಅಡುಗೆ ಮಾಡುತ್ತಿದ್ದ ಗುರುಸಿದ್ಧ ನನ್ನ ಮೇಲೆ ಸುಳ್ಳು ಹೇಳಿ ಸಿಕ್ಕಿಬಿದ್ದ. ಅವನನ್ನು ಮಠದಿಂದ ಕಳಿಸಬೇಡಿ ಎಂದು ನಾನೇ ನಿಮ್ಮನ್ನು ಬೇಡಿಕೊಂಡೆ. ಬೈಯಲಿಲ್ಲ, ಹಳೆಯದನ್ನು ಎತ್ತಲಿಲ್ಲ. ಆದರೂ ಅವನು ನಾಳೆ ಊರಿಗೆ ಹೊರಡುತ್ತಾನಂತೆ. ನಾನು ಕ್ಷಮಿಸಿದ್ದೇನೋ ಇಲ್ಲವೋ, ನನಗೇ ತಿಳಿಯದಾಗಿದೆ."

ಗುರುಗಳು ಹೇಳಿದರು:

ಒಬ್ಬ ಕಡಲೆ ಹುರಿಯುವವನಿದ್ದ. ಬಿಸಿ ಮರಳಿನಿಂದ ಒಂದು ಕಾಳು ತೆಗೆದು ಬಲದವಡೆಯ ಒಂದು ಹಲ್ಲಿನಲ್ಲಿ ಕಡಿಯುವನು. ಕಟ್ ಎಂದರೆ ಹದ ಬಂದಂತೆ. ಕಣ್ಣಿಗಿಂತ ಆ ಹಲ್ಲನ್ನೇ ಹೆಚ್ಚು ನಂಬಿದ್ದ. ಪಾಪ, ಅದೇ ಹುಳುಕಾಯಿತು. ಮುಖ ಊದಿಸಿಕೊಂಡು ಹಲ್ಲಿನ ವೈದ್ಯರ ಬಳಿ ಓಡಿದ.

ವೈದ್ಯರು ನೋಡಿ, "ಇದಕ್ಕೆ ಎರಡು ಬೇರು. ಒಂದು ಕೊಳೆತಿದೆ, ಇನ್ನೊಂದು ಗಟ್ಟಿಯಾಗಿದೆ. ಕೆಟ್ಟದ್ದನ್ನಷ್ಟೇ ತೆಗೆಯೋಣ" ಎಂದರು. ಹಲ್ಲನ್ನು ಸೀಳಿ, ಕೊಳೆತ ಬೇರನ್ನು ಅದರ ಮೇಲಿನ ಅರ್ಧದೊಡನೆ ಕಿತ್ತರು. ಉಳಿದ ಬೇರಿಗೆ ಔಷಧ ತುಂಬಿ ಮೇಲೊಂದು ಟೊಪ್ಪಿ ಕೂರಿಸಿದರು. ಗಾಯ ಮಾಯಿತು, ನೋವು ಹೋಯಿತು.

ಆದರೆ ಅವನ ಕಡಲೆ ಕೆಟ್ಟಿತು. ಒಮ್ಮೆ ಹಸಿ, ಒಮ್ಮೆ ಕರಿ. ಗಿರಾಕಿಗಳು ಮುಖ ಸಿಂಡರಿಸಿದರು. ಅವನು ಮರಳನ್ನು ಬೈದ, ಸೌದೆಯನ್ನು ಬೈದ, ಏನೂ ತೋಚದೆ ಹೆಂಡತಿಯನ್ನೂ ಬೈದ. ಕೊನೆಗೆ ಮತ್ತೆ ವೈದ್ಯರ ಮುಂದೆ ಕೂತು, "ನೀವು ನನ್ನ ಹಲ್ಲು ಉಳಿಸಿದಿರೋ ಕೆಡಿಸಿದಿರೋ, ಒಂದೂ ಗೊತ್ತಾಗುತ್ತಿಲ್ಲ ಸ್ವಾಮಿ" ಎಂದು ಅತ್ತೇಬಿಟ್ಟ.

ವೈದ್ಯರು ಹಲ್ಲನ್ನು ತಟ್ಟಿ ನೋಡಿದರು. ಕಲ್ಲಿನಂತಿತ್ತು.

"ಕಾಳನ್ನು ಈಗ ಯಾವ ಕಡೆ ಕಡಿಯುತ್ತೀರಿ?"

"ಎಡಕ್ಕೆ. ಇದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅನ್ನದ ಅಗುಳೂ ತಾಗಿಸಿಲ್ಲ."

"ಅಯ್ಯೋ ಮಹಾರಾಯ! ಅಗಿಯುವುದಕ್ಕಲ್ಲದೆ ಇನ್ನೇತಕ್ಕೆ ಉಳಿಸಿದೆವು?"

ವೈದ್ಯರು ಒಂದು ಕಾಳನ್ನು ಆ ಹಲ್ಲಿನ ಮೇಲಿಟ್ಟು, ಕಡಿಯಿರಿ ಎಂದರು. ಅವನಿಗೆ ಒಮ್ಮೆ ಕಡಿಯೋಣವೆನ್ನಿಸಿತು, ಒಮ್ಮೆ ಉಗುಳೋಣವೆನ್ನಿಸಿತು. ಬಾಯಿ ತೆರೆದುಕೊಂಡೇ ಕುಳಿತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ನಿಜಗುಣ ತಡೆಯಲಾರದೆ ಕೇಳಿದ: "ಕಡಿದನೇ ಬುದ್ಧೀ?"

"ಅದಿರಲಿ, ಗುರುಸಿದ್ಧನ ಕೈಗೆ ನೀನು ಸೌಟು ಕೊಟ್ಟು ಎಷ್ಟು ದಿನವಾಯಿತು?"