ಹಸಿ ನೆಲ

"ಗುರುಗಳೇ," ಎಂದು ಶಿಷ್ಯ ಕೇಳಿದ, "ಮೂರು ಮಠ ನೋಡಿ, ಎಲ್ಲ ವಿಚಾರಿಸಿಕೊಂಡೇ ನಿಮ್ಮ ಬಳಿಗೆ ಬಂದೆ. ನೀವು ಹೇಳಿಕೊಟ್ಟದ್ದು ಮನಸ್ಸಿನಲ್ಲಿ ನಿಂತಿತೋ ಇಲ್ಲವೋ ಎಂದು ದಿನಕ್ಕೆ ನಾಲ್ಕು ಸಲ ತಟ್ಟಿ ನೋಡುತ್ತೇನೆ. ಆದರೂ ಒಂದೂ ಗಟ್ಟಿಯಾಗಿ ನಿಲ್ಲುತ್ತಿಲ್ಲ. ತಪ್ಪು ಹೇಳುವವರಲ್ಲಿದೆಯೋ, ಕೇಳುವವನಲ್ಲಿದೆಯೋ?"

ಗುರು ನಕ್ಕು ಒಂದು ಕತೆ ಹೇಳಿದರು.

ಒಬ್ಬ ಹಪ್ಪಳ ಮಾಡುವ ಹೆಂಗಸು ಇದ್ದಳು. ಅವಳು ಬಾಡಿಗೆ ಕೋಣೆಯಲ್ಲಿದ್ದಾಗ ಅಕ್ಕನ ಗಂಡ ಬಂಧುಗಳೆಲ್ಲರ ಎದುರಿಗೆ, "ನಾಲ್ಕು ಎಲೆ ಹಾಕುವಷ್ಟು ನೆಲ ಈ ಜನ್ಮದಲ್ಲಿ ನಿನಗೆ ಸಿಗೋದಿಲ್ಲ ಬಿಡು" ಎಂದಿದ್ದ. ಅವಳು ಹನ್ನೊಂದು ವರ್ಷ ಹಪ್ಪಳ ಲಟ್ಟಿಸಿದಳು. ಆಮೇಲೆ ಗೋಡೆ ಎದ್ದವು, ಸೂರು ಬಂತು. ನೆಲವೊಂದು ಉಳಿಯಿತು. ಗೃಹಪ್ರವೇಶಕ್ಕೆ ಶುಕ್ರವಾರ ಗೊತ್ತುಮಾಡಿ, ನಲವತ್ತು ಜನರಿಗೆ ಊಟಕ್ಕೆ ಹೇಳಿಬಂದಳು. ಬಾವನ ಮನೆಗೆ ಮೊದಲು ಹೋದಳು.

ಟೈಲ್ಸ್ ಅಂಗಡಿಯವನು ಕನ್ನಡಿಯಂತೆ ಹೊಳೆಯುವ ಬಿಳಿ ಟೈಲ್ಸ್ ತೋರಿಸಿದ. ಅವಳು ಚಪ್ಪಲಿ ಬಿಟ್ಟು, ಚೀಲದಿಂದ ಬಾಟಲಿ ತೆಗೆದು, ಅದರ ಮೇಲೆ ನೀರು ಸುರಿದು ನಡೆದು ನೋಡಿದಳು.

"ಅಯ್ಯೋ ಅಮ್ಮಾ, ಇದು ಶೋರೂಮು!"

"ನಮ್ಮನೆಗೆ ಬಂದವರು ಕಾಲು ತೊಳಕೊಂಡು ಒಳಗೆ ಬರ್ತಾರಪ್ಪಾ. ಜಾರಿ ಬಿದ್ದರೆ ಎತ್ತೋಕೆ ನೀನು ಬರ್ತೀಯಾ?"

ಅವಳು ಕಾಲಿಗೆ ಹಿಡಿತ ಸಿಗುವ, ಇಟ್ಟಿಗೆ ಬಣ್ಣದ ಒರಟು ಟೈಲ್ಸ್ ಆರಿಸಿದಳು. ನೋಡಲು ಸಾದಾ ಆಯಿತಲ್ಲ ಎಂದು ಅಂಗಡಿಯವನು ಮುಖ ಸಣ್ಣ ಮಾಡಿದ. "ನೋಡೋಕೆ ಗೋಡೆ ಇದೆ" ಎಂದಳು.

ನೆಲ ಹಾಕುವ ಮೇಸ್ತ್ರಿಯನ್ನು ಹುಡುಕುವುದರಲ್ಲೂ ಹೀಗೆಯೇ. ಮೊದಲನೆಯವನು ಒಂದೇ ದಿನದಲ್ಲಿ ಮುಗಿಸುತ್ತೇನೆಂದ. ಅವನು ಕೆಲಸ ಮಾಡಿದ ಮನೆಗೆ ಹೋಗಿ, ಬಾಗಿಲ ಹಿಂದೆ ಬಗ್ಗಿ, ನಾಣ್ಯದಿಂದ ನೆಲ ತಟ್ಟಿದಳು. ಖಾಲಿ ಡಬ್ಬಿಯ ಸದ್ದು ಬಂತು. ಎರಡನೆಯವನು ತನ್ನ ಕೆಲಸದಲ್ಲಿ ಇವತ್ತಿನವರೆಗೆ ಒಂದು ತಪ್ಪೂ ಇಲ್ಲವೆಂದ. ಅವನ ಕೆಲಸವನ್ನು ನೋಡಲೂ ಹೋಗಲಿಲ್ಲ. ಮೂರನೆಯವನು ಹತ್ತು ವರ್ಷ ಹಳೆಯ ಒಂದು ಮನೆಯ ವಿಳಾಸ ಕೊಟ್ಟು, "ಎರಡನೇ ಕೋಣೆಯ ಕಿಟಕಿ ಕೆಳಗೆ ಒಂದು ಟೈಲ್ಸ್ ಸೊಟ್ಟ ಕೂತಿದೆ, ಅದನ್ನೂ ನೋಡಿ ಬನ್ನಿ" ಎಂದ. ಹೋಗಿ ನೋಡಿದಳು. ಅದೊಂದೇ ಸೊಟ್ಟಗಿತ್ತು. ಅವನನ್ನೇ ಕರೆದಳು.

ಶನಿವಾರ ಸಂಜೆಗೆ ನಡುಮನೆಯ ನೆಲ ಮುಗಿಯಿತು. ಮೇಸ್ತ್ರಿ ಬಾಗಿಲಿಗೆ ಅಡ್ಡವಾಗಿ ಒಂದು ಹಲಗೆ ಇಟ್ಟ. "ಆರೋತನಕ ಒಳಗೆ ಕಾಲಿಡಬೇಡಿ ಅಮ್ಮಾ" ಎಂದು ಹೇಳಿ ಹೋದ.

ಭಾನುವಾರ ಬೆಳಗ್ಗೆ ಅವನು ಬಂದಾಗ ಅವಳು ಸೊಂಟಕ್ಕೆ ಸೆರಗು ಬಿಗಿದು ನಿಂತಿದ್ದಳು. "ಏನ್ ಮೇಸ್ತ್ರೀ, ಕಿಟಕಿ ಕೆಳಗೆ ಒಂದು ಅಂದೆ. ನನ್ನ ಮನೇಲಿ ಮೂರಾ?" ಅವನು ಬಗ್ಗಿ ತಟ್ಟಿದ. ನಡುವಿನ ಮೂರು ಟೈಲ್ಸ್ ಟೊಳ್ಳಾಗಿದ್ದವು. ಒಡೆದು ತೆಗೆದು ಹೊಸವು ಕೂರಿಸಿದ. ಮತ್ತೆ ಹಲಗೆ ಇಟ್ಟು ಹೋದ.

ಸೋಮವಾರ ಮತ್ತೆ ಮೂರು. ಊಟಕ್ಕೆ ಉಳಿದದ್ದು ನಾಲ್ಕೇ ದಿನ. ನೆಲವಾಗದಿದ್ದರೆ ನಲವತ್ತು ಎಲೆಯನ್ನೂ ಬೀದಿಯಲ್ಲಿ ಹಾಕಬೇಕು, ಅದರಲ್ಲೊಂದು ಎಲೆಯ ಮುಂದೆ ಬಾವ ಕೂತು ಮೀಸೆಯಲ್ಲೇ ನಗುತ್ತಾನೆ. ಅವಳು ಬಾಯಿಗೆ ಬಂದಂತೆ ಬೈದಳು. ಮೇಸ್ತ್ರಿ ಪೂರ್ತಿ ಕೇಳಿದ. ಆಮೇಲೆ ಕೇಳಿದ:

"ಅಮ್ಮಾ, ನೀವು ಬಿಸಿಲಿಗೆ ಹಾಕಿದ ಹಸಿ ಹಪ್ಪಳಾನ ಯಾರಾದರೂ ಆರಿತಾ ಆರಿತಾ ಅಂತ ಗಳಿಗೆಗೊಂದು ಸಲ ಒತ್ತಿ ನೋಡಿದರೆ?"

"ಕೈ ಮುರೀತೀನಿ!"

ಅವನು ಕರಣೆಯ ತುದಿಯಿಂದ ನೆಲ ತೋರಿಸಿದ. ಟೈಲ್ಸಿನ ಸಂದಿಗೆ ತುಂಬಿದ ಸಿಮೆಂಟಿನಲ್ಲಿ ಕಾಲ್ಬೆರಳ ತುದಿಗಳು ಅಚ್ಚಾಗಿದ್ದವು, ಎರಡನೇ ಬೆರಳಿನ ಹತ್ತಿರ ಕಾಲುಂಗುರದ ಗುರುತೂ ಇತ್ತು. ಬಾಗಿಲಿನಿಂದ ನಡುವಿನವರೆಗೆ ಹೋಗಿ ಅಲ್ಲೇ ಸುತ್ತು ಹಾಕಿದ ಹೆಜ್ಜೆಗಳು. ಹೆಂಗಸು ಆ ಗುರುತನ್ನು ನೋಡಿದಳು. ತನ್ನ ಪಾದ ನೋಡಿದಳು. ಸೀರೆಯ ನೆರಿಗೆಯನ್ನು ಮೆಲ್ಲಗೆ ಕೆಳಗೆಳೆದು ಪಾದ ಮುಚ್ಚಿಕೊಂಡಳು.

"ಗಟ್ಟಿ ಆಯ್ತಾ ಅಂತ ನೋಡಿದೆ ಕಣಪ್ಪಾ" ಎಂದಳು.

"ನೀವು ನೋಡದೇ ಇದ್ದಿದ್ದರೆ ನಾಳೆ ಸಂಜೆಗೇ ಆಗ್ತಿತ್ತು. ನನ್ನನ್ನ ಕರೆಯೋ ಮುಂಚೆ ಎಷ್ಟು ಬೇಕಾದರೂ ತಟ್ಟಿ ನೋಡಿ. ಮೂರು ದಿನ ಕಳೆದ ಮೇಲೆ ಒನಕೆ ತಂದು ಕುಟ್ಟಿ ನೋಡಿ. ನಡುವೆ ಇರೋ ಮೂರು ದಿನ ನನ್ನದೂ ಅಲ್ಲ, ನಿಮ್ಮದೂ ಅಲ್ಲ, ನೆಲದ್ದು."

ಅವಳು ಹುಟ್ಟಿದಾಗಿನಿಂದ ಯಾವ ಕೆಲಸವನ್ನೂ ಇನ್ನೊಬ್ಬರಿಗೆ ಬಿಟ್ಟವಳಲ್ಲ. ಬಿಟ್ಟಿದ್ದರೆ ಆ ಗೋಡೆಗಳೇ ಏಳುತ್ತಿರಲಿಲ್ಲ. ಆದರೂ ಟೈಲ್ಸ್ ಮತ್ತೆ ಕೂರಿಸಿದ ಮೇಲೆ ಹಲಗೆಯನ್ನು ತಾನೇ ಅಡ್ಡ ಇಟ್ಟು, ಬಾಗಿಲ ಮುಂದೆ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ಕೈ ಸುಮ್ಮನಿರಲಿಲ್ಲ. ಸೆರಗಿನ ಗಂಟಿನಲ್ಲಿದ್ದ ನಾಣ್ಯ ತೆಗೆದು ಬಕೆಟ್ಟನ್ನೇ ತಟ್ಟಿದಳು. ಮಂಗಳವಾರ ಬೆಕ್ಕು ಬಂತು, ಓಡಿಸಿದಳು. ಬುಧವಾರ ಪುರೋಹಿತರು ಹೋಮದ ಜಾಗ ನೋಡಬೇಕೆಂದರು, ಕಿಟಕಿಯಿಂದ ನೋಡಿ ಎಂದಳು. ಗುರುವಾರ ಮಧ್ಯಾಹ್ನ, ಕರೆದ ದಿನಕ್ಕಿಂತ ಮುಂಚೆಯೇ ಬಾವ ಬಂದ. ಮನೆ ನಿಜವಾಗಿಯೂ ಇದೆಯೇ ಎಂದು ನೋಡಲು ಬಂದಿರಬೇಕು. ಹಲಗೆ ದಾಟಲು ಒಂದು ಕಾಲು ಎತ್ತಿದ.

"ಕಾಲು ಇಳಿಸು ಬಾವ!"

"ಇದೇನೇ, ಮನೆ ಕಟ್ಟಿದ ಕೂಡಲೇ ನೆಂಟರನ್ನ ಹೊರಗೆ ನಿಲ್ಲಿಸ್ತೀಯಾ?"

"ನಾನೇ ಹೊರಗಿದ್ದೀನಿ, ನಿಂದೇನು ಹೆಚ್ಚುಗಾರಿಕೆ! ಬಾ, ಈ ಕಡೆ ಕೂತ್ಕೋ. ನಿಂಗೂ ಒಂದು ಬಕೆಟ್ ಹಾಕ್ತೀನಿ."

ಇಬ್ಬರೂ ಬಕೆಟ್ಟಿನ ಮೇಲೆ ಕೂತು, ಯಾರೂ ನಡೆಯದ ನೆಲವನ್ನು ನೋಡುತ್ತ ಮಜ್ಜಿಗೆ ಕುಡಿದರು.

ಶುಕ್ರವಾರ ಬೆಳಕು ಹರಿಯುತ್ತಲೇ ಅವಳು ಹಲಗೆ ಸರಿಸಿ ಒಳಗೆ ಹೋದಳು. ಬಗ್ಗಿ ಮೂಲೆ ಮೂಲೆ ತಟ್ಟಿದಳು. ಎಲ್ಲಿಯೂ ಟೊಳ್ಳಿರಲಿಲ್ಲ. ಆ ದಿನ ನಲವತ್ತು ಎಲೆಯೂ ಒಳಗೇ ಬಿದ್ದವು.

ಇವತ್ತು ಆ ಹೆಂಗಸಿಗೆ ಸ್ವಂತ ಮನೆಯಿದೆ, ಕುಟ್ಟಿದರೂ ಕದಲದ ನೆಲವಿದೆ. ಅದಕ್ಕೆ ಹನ್ನೊಂದು ವರ್ಷದ ಹಪ್ಪಳ ಹೋಯಿತು, ಒಡೆದು ಬಿಸಾಡಿದ ಆರು ಟೈಲ್ಸ್ ಹೋದವು, ಸುಮ್ಮನೆ ಕೂತ ಮೂರು ದಿನ ಹೋಯಿತು. ಯಾರಾದರೂ ಕೇಳಿದರೆ, ಆ ಮೂರು ದಿನವೇ ಬಲು ದುಬಾರಿ ಎನ್ನುತ್ತಾಳೆ.

ಗುರು ಕತೆ ನಿಲ್ಲಿಸಿದರು. ಶಿಷ್ಯ, "ಹಾಗಾದರೆ ಗುರುಗಳೇ, ಆ ಮೂರು ದಿನ ಮುಗಿಯಿತೆಂದು ತಿಳಿಯುವುದು..." ಎಂದು ಶುರುಮಾಡಿದ.

ಗುರು ಕೈ ಎತ್ತಿ ತಡೆದರು.

"ಈಗ ಕೊಟ್ಟ ಉತ್ತರ ಇನ್ನೂ ಹಸಿಯಾಗಿದೆ, ಅದರ ಮೇಲಿಂದ ಇಳಿ."