ಗಿರಣಿಯವಳ ಗಿಡ

“ಗುರುಗಳೇ, ನಾನು ಕಲಿಸಿದವನೇ ನನ್ನನ್ನು ದಾಟಿ ಮುಂದೆ ಹೋದರೆ ನಾನೇನು ಮಾಡಬೇಕು?”

ಕೇಳಿದವನು ಮಹಾಂತಯ್ಯ. ಮಠದ ಹಿರಿಯ ಶಿಷ್ಯ, ಪ್ರವಚನದಲ್ಲಿ ಹೆಸರು ಮಾಡಿದವನು. ಪಕ್ಕದ ಪಟ್ಟಣದವರು ಪ್ರತಿ ಶ್ರಾವಣಕ್ಕೂ ಅವನನ್ನೇ ಕರೆಯುತ್ತಿದ್ದರು. ಈ ಸಲ ಅವನ ಕೈಯಲ್ಲೇ ಕಲಿತ ಕಿರಿಯನೊಬ್ಬನಿಗೆ ಕರೆ ಬಂದಿತ್ತು. ಕಿರಿಯ ಅಪ್ಪಣೆ ಬೇಡಿ ಬಂದಿದ್ದ. ಮಹಾಂತಯ್ಯ ಇನ್ನೂ ಹೂಂ ಅಂದಿರಲಿಲ್ಲ.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಹಿಟ್ಟಿನ ಗಿರಣಿ ನಡೆಸುವ ಒಬ್ಬ ಹೆಂಗಸು ಇದ್ದಳು. ಅವಳಿಗೆ ಯಾರೋ ಒಂದು ಬ್ರೊಮೀಲಿಯಾಡ್ ಗಿಡ ಕೊಟ್ಟರು. ಅದು ಅನಾನಸ್ ಕುಲದ್ದು. ಆದರೆ ಹಣ್ಣಿಗಲ್ಲ, ಮನೆಯೊಳಗೆ ಅಂದಕ್ಕೆ ಇಡುವುದು. ಅವಳು ಎಲ್ಲ ಗಿಡಗಳಿಗೆ ಹಾಕುವಂತೆ ಅದರ ಬುಡಕ್ಕೂ ದಿನಾ ನೀರು ಸುರಿದಳು. ಬುಡ ಕೊಳೆಯತೊಡಗಿತು. ಆಗ ಅವಳು ಕೂತು ಗಿಡವನ್ನು ಸರಿಯಾಗಿ ನೋಡಿದಳು. ಎಲೆಗಳೆಲ್ಲ ನಡುವೆ ಕೂಡಿ ಒಂದು ಬಟ್ಟಲಾಗಿದ್ದವು. ಗಿಡ ಬಾಯಿ ತೆರೆದುಕೊಂಡೇ ಇತ್ತು. ತಾನು ಕಾಲಿಗೆ ನೀರು ಹೊಯ್ಯುತ್ತಿದ್ದೆ ಎಂದು ಅವಳಿಗೆ ತಿಳಿಯಿತು. ಅಂದಿನಿಂದ ಬಟ್ಟಲಿಗೆ ನೀರು ತುಂಬಿದಳು. ಹಳೆಯ ನೀರು ನಾರುವ ಮೊದಲೇ ಚೆಲ್ಲಿ ಹೊಸದು ಹಾಕಿದಳು. ಬಿಸಿಲು ನೇರವಾಗಿ ಬೀಳದ, ಬೆಳಕು ಚೆನ್ನಾಗಿ ಬರುವ ಕಿಟಕಿಯ ಬಳಿ ಇಟ್ಟಳು.

ಒಂದು ದಿನ ಬಟ್ಟಲಿನ ನಡುವಿನಿಂದ ಕೆಂಪು ಹೂಗೊನೆ ಎದ್ದಿತು. ತಿಂಗಳುಗಟ್ಟಲೆ ಬಾಡಲಿಲ್ಲ. ಊರಿನ ಫಲಪುಷ್ಪ ಪ್ರದರ್ಶನದಲ್ಲಿ ಅದಕ್ಕೆ ಮೊದಲ ಬಹುಮಾನ ಬಂತು. ಜೋಳ ಬೀಸಿಸಲು ಬಂದವರೂ ಒಳಗೆ ಇಣುಕಿ ಗಿಡ ನೋಡಿಯೇ ಹೋಗುತ್ತಿದ್ದರು. ಅವಳು ತಲೆ ಎತ್ತಿ ನಡೆದಳು.

ಆಮೇಲೆ ಹೂ ಒಣಗಿತು. ಆ ಗಿಡ ತನ್ನ ಬಾಳಿನಲ್ಲಿ ಹೂ ಬಿಡುವುದು ಒಮ್ಮೆ ಮಾತ್ರ. ಎಲೆಗಳ ತುದಿ ಕಂದುತ್ತ ಬಂತು. ಬುಡದಲ್ಲಿ ಮರಿಗಳು ಎದ್ದಿದ್ದವು.

ಪಕ್ಕದ ಮನೆಯವಳು ಬಂದು ನೋಡಿ, “ಅಕ್ಕಾ, ಈ ಮರಿಗಳೇ ತಾಯಿಯನ್ನು ಹೀರುತ್ತಿವೆ. ಕಿತ್ತು ಹಾಕಿ, ತಾಯಿ ಉಳಿದೀತು” ಎಂದಳು.

ಗಿರಣಿಯವಳು ಚಾಕು ತಂದಳು. ಆ ಗಿಡದಿಂದಲೇ ಊರಿಗೆ ಅವಳ ಗುರುತು. ಅದು ಹೋದರೆ ಅವಳು ಮತ್ತೆ ಬರಿಯ ಗಿರಣಿಯವಳು. ಕೊಯ್ಯುವ ಮೊದಲು ಅಭ್ಯಾಸಬಲದಿಂದ ಬಟ್ಟಲಿಗೆ ನೀರು ಹಾಕಿದಳು. ಬಟ್ಟಲು ತುಂಬಿತು. ಹೆಚ್ಚಾದ ನೀರು ತಾಯಿಯ ಎಲೆಯ ಮೇಲೆ ಜಾರಿ ಮರಿಯ ಪುಟ್ಟ ಬಟ್ಟಲಿಗೆ ಬಿತ್ತು. ಅದೂ ತುಂಬಿತು. ಅವಳು ಸ್ವಲ್ಪ ಹೊತ್ತು ನೋಡುತ್ತ ನಿಂತಳು. ಆಮೇಲೆ ಚಾಕು ಒಳಗಿಟ್ಟಳು.

ಮರಿಗಳು ತಾಯಿಯ ಅರ್ಧದಷ್ಟು ಬೆಳೆಯುವವರೆಗೆ ಕಾದಳು. ಮೆಲ್ಲಗೆ ಬಿಡಿಸಿ ಬೇರೆ ಬೇರೆ ಕುಂಡದಲ್ಲಿ ನೆಟ್ಟಳು. ತನಗೊಂದು ಇಟ್ಟುಕೊಂಡು, ಚೆನ್ನಾಗಿದ್ದ ಇನ್ನೊಂದನ್ನು ಪಕ್ಕದ ಮನೆಯವಳಿಗೆ ಕೊಟ್ಟಳು. ನೀರು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ಹೇಳಿಕೊಟ್ಟಳು. ಏನನ್ನೂ ಮುಚ್ಚಿಡಲಿಲ್ಲ. ತಾಯಿಗಿಡ ಒಣಗಿಹೋಯಿತು.

ಮುಂದೊಂದು ವರ್ಷ ಪ್ರದರ್ಶನದಲ್ಲಿ ಪಕ್ಕದ ಮನೆಯವಳ ಗಿಡಕ್ಕೆ ಮೊದಲ ಬಹುಮಾನ ಬಂತು. ಅದರ ಹೂ ತಾಯಿಯ ಹೂವಿಗಿಂತ ಎತ್ತರವಾಗಿತ್ತು. ಗಿರಣಿಯವಳದು ಇನ್ನೂ ಹೂ ಬಿಟ್ಟೇ ಇರಲಿಲ್ಲ. ಪಕ್ಕದ ಮನೆಯವಳಿಗೆ ಸಂಕೋಚವಾಯಿತು. “ಅಕ್ಕಾ, ನ್ಯಾಯವಾಗಿ ಇದು ನಿಮಗೆ ಸೇರಬೇಕು” ಎಂದು ಬಹುಮಾನ ಮುಂದೆ ಹಿಡಿದಳು.

“ಬಹುಮಾನ ನೀನೇ ಇಟ್ಟುಕೋ ತಂಗಿ, ಹೆಮ್ಮೆ ನನಗೆ ಬಿಡು” ಎಂದಳು ಗಿರಣಿಯವಳು.

ಅಂದು ಅವಳು ಗಿರಣಿ ತೆರೆಯಲೇ ಇಲ್ಲ. ಸಂಜೆಯವರೆಗೂ ಆ ಗಿಡದ ಪಕ್ಕದಲ್ಲಿ ನಿಂತು, “ಇದರ ತಾಯಿ ನಮ್ಮ ಮನೆಯದು” ಎಂದು ಕೇಳಿದವರಿಗೂ ಹೇಳಿದಳು, ಕೇಳದವರಿಗೂ ಹೇಳಿದಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮಹಾಂತಯ್ಯನ ಮನಸ್ಸು ಒಪ್ಪಲಿಲ್ಲ.

“ಗಿಡದ ಪಕ್ಕ ನಿಲ್ಲಬಹುದು ಗುರುಗಳೇ. ತಾನು ಮಾತಾಡಿದ ವೇದಿಕೆಯ ಮೇಲೆ ಇನ್ನೊಬ್ಬನನ್ನು ಕೂರಿಸಿ, ಕೆಳಗೆ ಕೂತು ಕೇಳುವುದು ಯಾರಿಂದಾದೀತು?”

ಗುರುಗಳು ನಕ್ಕು ಹೇಳಿದರು: “ಆ ಪಟ್ಟಣದವರು ನನ್ನನ್ನು ಬಿಟ್ಟು ನಿನ್ನನ್ನು ಕರೆದ ಮೊದಲ ಶ್ರಾವಣ, ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಮೊದಲು ತಲೆದೂಗಿದವನು ಯಾರೆಂದು ಮರೆತೆಯಾ?”