ಬೇಡಿ

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ಮಹಾಂತಯ್ಯ ಎಂಬ ಗುರುಗಳಿದ್ದರು. ಆಶ್ರಮಕ್ಕೆ ಬರುವ ಮೊದಲು ಅವರು ಪೇಟೆಯ ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದರು.

ಪರಸಪ್ಪ ಪೊಲೀಸ್ ದಫೇದಾರನಾಗಿದ್ದವನು. ನಿವೃತ್ತನಾದ ಮೇಲೆ ಹೊತ್ತು ಹೋಗದೆ ಅವರ ಬಳಿ ಬಂದ.

“ಜಪ ಹೇಳಿಕೊಡಲೇನಪ್ಪ?” ಎಂದರು ಗುರುಗಳು.

“ಜಪಕ್ಕೆ ಕೂತರೆ ನಿದ್ದೆ ಬರುತ್ತದೆ. ಬೋರ್ಡು ಬರೆಯೋದು ಹೇಳಿಕೊಡಿ.”

ಗುರುಗಳು ನಕ್ಕು ಒಂದು ಕುಂಚ ಕೊಟ್ಟರು.

ಮಳೆಗಾಲ ಕಳೆಯುವಷ್ಟರಲ್ಲಿ ಪರಸಪ್ಪನ ಕೈ ಪಳಗಿತು. ಊಟದ ಮನೆಗೆ ‘ಪ್ರಸಾದ’ ಎಂದು ಬರೆದ. ಕೊಟ್ಟಿಗೆಗೆ ‘ಗೋಶಾಲೆ’ ಎಂದು ಬರೆದ. ಯಾರೂ ಕೇಳದಿದ್ದರೂ ಬಚ್ಚಲಿಗೆ ‘ಬಚ್ಚಲು’ ಎಂದು ಬರೆದ.

“ಇನ್ನು ನನ್ನ ಬೆನ್ನೊಂದು ಖಾಲಿ ಇದೆ,” ಎಂದರು ಗುರುಗಳು. “ಅಲ್ಲಿ ಬೇಡ. ಹೊಳೆಗೆ ಹೋಗು.”

ಆಶ್ರಮದ ಮೆಟ್ಟಿಲುಗಳ ಕೆಳಗೆ ಒಂದು ಮಡುವಿತ್ತು. ನೋಡಲು ನೀರು ನಿಂತಂತಿತ್ತು, ಒಳಗೆ ಸೆಳೆತ. ಹಿಂದಿನ ಸಂಕ್ರಾಂತಿಯಲ್ಲಿ ಸ್ನಾನಕ್ಕೆ ಇಳಿದ ಗಂಡಹೆಂಡತಿ ಮೇಲೆ ಬಂದಿರಲಿಲ್ಲ.

“ಇಲ್ಲಿ ನೀರಿಗೆ ಇಳಿಯಬೇಡಿ ಅಂತ ಬರಿ,” ಎಂದರು.

ಪರಸಪ್ಪ ತಗಡಿಗೆ ಬಿಳಿ ಬಣ್ಣ ಬಳಿದು ಕೆಂಪಿನಲ್ಲಿ ಬರೆಯತೊಡಗಿದ. ಮೊದಲ ‘ಇ’ಯ ಸುರುಳಿಗೇ ಒಂದು ಬೆಳಗು ಹಿಡಿಯಿತು. ಅಕ್ಷರಗಳಿಗೆಲ್ಲ ಹಳದಿ ನೆರಳು ಕೊಟ್ಟ. ‘ಇಲ್ಲಿ ನೀರಿಗೆ ಇಳಿಯ’ ಎನ್ನುವಷ್ಟರಲ್ಲಿ ತಗಡು ಮುಗಿಯಿತು. ‘ಬೇಡಿ’ಯನ್ನು ಕೆಳಗಿನ ಸಾಲಿಗೆ ಇಳಿಸಿದ. ಅದು ಒಂಟಿಯಾಗಿ ಕಂಡಿತು. ಎರಡು ಬದಿಗೂ ಒಂದೊಂದು ದೀಪ ಬರೆದ.

ನೋಡಿದವರೆಲ್ಲ ಭೇಷ್ ಎಂದರು. ಗುರುಗಳು ಮಾತ್ರ ಬೋರ್ಡನ್ನು ನೋಡಿ, ದೋಣಿಯ ಸುಂಕಣ್ಣನನ್ನು ಕರೆದು, “ಇವತ್ತಿನಿಂದ ದೋಣಿಯನ್ನು ಮಡುವಿನ ಹತ್ತಿರವೇ ಕಟ್ಟಪ್ಪ,” ಎಂದರು.

ಆ ವಾರವೇ ಒಬ್ಬ ಹೆಂಗಸು ಬಂದಳು. ಬೋರ್ಡಿನ ಮುಂದೆ ನಿಂತು ತುಟಿ ಅಲುಗಿಸುತ್ತ ಓದಿದಳು. ಚಪ್ಪಲಿ ಬಿಟ್ಟಳು. ಕೈ ಮುಗಿದುಕೊಂಡೇ ನೇರವಾಗಿ ನೀರಿಗೆ ಇಳಿದಳು.

ಸುಂಕಣ್ಣ ಹುಟ್ಟು ಚಾಚಿ ಎಳೆದುಕೊಳ್ಳದಿದ್ದರೆ ಅವಳು ಉಳಿಯುತ್ತಿರಲಿಲ್ಲ.

“ಕಣ್ಣು ಕಾಣೋದಿಲ್ಲವೇನಮ್ಮ?” ಎಂದು ಪರಸಪ್ಪ ಗದರಿದ. “ಅಷ್ಟು ದೊಡ್ಡದಾಗಿ ಬರೆದಿದ್ದೀನಿ!”

ಅವಳು ನೀರು ಕಕ್ಕಿ, ಉಸಿರು ತಿರುಗಿದ ಮೇಲೆ ಅವನಿಗಿಂತ ಜೋರಾಗಿ ಕೂಗಿದಳು.

“ನೀನೇ ಬರೆದದ್ದಾ? ನೀರಿಗೆ ಇಳಿದು ಬೇಡಿ ಅಂತ ಬರೆದಿದ್ದೀಯಲ್ಲೋ! ದೀಪ ಬೇರೆ ಹಚ್ಚಿದ್ದೀಯ! ಮಗಳಿಗೊಂದು ಗಂಡು ಸಿಗಲಿ ಅಂತ ಬೇಡೋಕೆ ಇಳಿದೆ ನಾನು!”

ಪರಸಪ್ಪ ಬೋರ್ಡಿನ ಕಡೆ ತಿರುಗಿದ. ಮೇಲೊಂದು ಸಾಲು. ಕೆಳಗೆ, ದೀಪಗಳ ನಡುವೆ, ಬೇಡಿ.

ಅವನು ಮೆಟ್ಟಿಲ ಮೇಲೆ ಕೂತ.

ಗುರುಗಳು ಬಂದು ಪಕ್ಕದಲ್ಲಿ ಕೂತರು. “ಸರ್ವಿಸಿನಲ್ಲಿ ಎಷ್ಟು ಜನಕ್ಕೆ ಬೇಡಿ ತೊಡಿಸಿದ್ದೀಯ?”

“ಲೆಕ್ಕ ಇಟ್ಟಿಲ್ಲ ಗುರುಗಳೇ.”

“ಕಳ್ಳ ಇರುವಾಗ ತೊಡಿಸುತ್ತಿದ್ದೆಯೋ, ಓಡಿಹೋದ ಮೇಲೋ?”

ಪರಸಪ್ಪ ಎದ್ದು ಬೋರ್ಡು ಕಿತ್ತ.

“ಇದು ನನ್ನ ಕೈಲಾಗುವ ಕೆಲಸವಲ್ಲ. ನಾನೇ ಇಲ್ಲಿ ನಿಲ್ಲುತ್ತೇನೆ. ಗಂಟಲಿದೆ, ಲಾಠಿ ಇದೆ.”

“ಊಟಕ್ಕೆ ಹೋದಾಗ?”

“ಬೇಗ ಉಂಡು ಬರುತ್ತೇನೆ.”

“ಸತ್ತಾಗ?”

ಪರಸಪ್ಪ ಕಿತ್ತ ಬೋರ್ಡನ್ನು ಅವರ ಕೈಗೆ ಕೊಟ್ಟ.

ಗುರುಗಳು ಸೀಮೆಎಣ್ಣೆಯಲ್ಲಿ ಬಟ್ಟೆ ಅದ್ದಿ ತಗಡನ್ನು ಉಜ್ಜಿದರು. ದೀಪ ಹೋಯಿತು, ನೆರಳು ಹೋಯಿತು, ಒಂದು ಬೆಳಗಿನ ‘ಇ’ ಹೋಯಿತು. ತಗಡನ್ನು ಅವನ ಮುಂದಿಟ್ಟು ಬಲ ಅಂಚಿನ ಮೇಲೆ ಬೆರಳಿಟ್ಟರು.

“ಇಲ್ಲಿಂದ ಬರಿ.”

“ಅದು ಕೊನೆ, ಗುರುಗಳೇ.”

“ನಮ್ಮ ಮಾತಿನಲ್ಲಿ ‘ಬೇಡ’ ಅನ್ನೋದು ಕೊನೆಗೇ ಬರುತ್ತದೆ. ಓದುವವನು ಅಲ್ಲಿಗೆ ಮುಟ್ಟುವ ಮೊದಲು ನೀನು ಮುಟ್ಟಿರಬೇಕು.”

ಪರಸಪ್ಪ ಕೊನೆಯ ‘ಡಿ’ಯಿಂದ ಶುರು ಮಾಡಿದ. ಕೈ ಒಪ್ಪಲಿಲ್ಲ. ‘ಡಿ’ ಓರೆಯಾಯಿತು, ‘ಬೇ’ ಹೊಟ್ಟೆಯುಬ್ಬಿಸಿ ಕೂತಿತು. ಉಜ್ಜಿದ. ಮತ್ತೆ ಬರೆದ. ಮತ್ತೆ ಉಜ್ಜಿದ. ಚಳಿ ಶುರುವಾಯಿತು. ಹಗಲೆಲ್ಲ ತಗಡಿನ ಮುಂದೆ ಹಿಂದುಹಿಂದಾಗಿ ನಡೆಯುವವನಂತೆ ಬಗ್ಗಿರುತ್ತಿದ್ದ.

“ಮೇಷ್ಟ್ರ ಹತ್ತಿರ ಏಟು ತಿಂದವರ ಹಾಗಿದ್ದೀರಲ್ಲ ದಫೇದಾರ್ರೇ,” ಎಂದು ಸುಂಕಣ್ಣ ಕೆಣಕುತ್ತಿದ್ದ.

“ಸುಮ್ಮನೆ ದೋಣಿ ನೋಡಿಕೋ,” ಎನ್ನುತ್ತಿದ್ದ ಪರಸಪ್ಪ, ತಲೆಯೆತ್ತದೆ.

ಕೊನೆಗೊಂದು ದಿನ ಬರೆದದ್ದನ್ನು ಉಜ್ಜಲಿಲ್ಲ. ‘ಇಳಿಯಬೇಡಿ’ ಒಂದೇ ಉಸಿರಿನಲ್ಲಿ ನಿಂತಿತ್ತು. ‘ಬೇಡಿ’ ಎಲ್ಲಕ್ಕಿಂತ ದಪ್ಪ. ‘ಇಲ್ಲಿ ನೀರಿಗೆ’ ಮೇಲೆ ಸಣ್ಣಗೆ. ಬಿಳಿಯ ಮೇಲೆ ಕಪ್ಪು, ಅಷ್ಟೇ. ಭೇಷ್ ಎನ್ನಲು ಅದರಲ್ಲಿ ಏನೂ ಇರಲಿಲ್ಲ.

ಮೆಟ್ಟಿಲ ಬಳಿ ನೆಟ್ಟಾಗ ಯಾರೂ ಭೇಷ್ ಎನ್ನಲೂ ಇಲ್ಲ.

ಸಂಕ್ರಾಂತಿಯ ಬೆಳಿಗ್ಗೆ ಒಂದು ಬಸ್ಸು ಬಂದು ನಿಂತಿತು. ಪುಣ್ಯಸ್ನಾನಕ್ಕೆ ಬಂದ ಜನ ನೀರು ಕಂಡು ಓಡಿದರು. ಮುಂದೆ ಒಬ್ಬ ಗಟ್ಟಿಯಾಳು, ಹೆಗಲ ಮೇಲೆ ಟವೆಲು.

ಪರಸಪ್ಪ ಕೂಗಲು ಎದ್ದ. ಗುರುಗಳು ಅವನ ಶಾಲಿನ ತುದಿ ಹಿಡಿದರು.

“ಬಿಡಿ ಗುರುಗಳೇ!”

“ಕೆಳಗೆ ಸುಂಕಣ್ಣ ಇದ್ದಾನೆ. ನೀನು ಬರೆದಾಯಿತು. ಕೂರು.”

ಆಳು ಮೆಟ್ಟಿಲ ಮೇಲೆ ಕಾಲಿಟ್ಟ. ಇನ್ನೊಂದು ಕಾಲು ಎತ್ತಿದ. ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು.

“ಏ, ಇಳೀಬೇಡ್ರೋ!” ಎಂದು ಹಿಂದೆ ತಿರುಗಿ ಕೈ ಅಡ್ಡ ಹಿಡಿದ. “ಹೆಂಗಸರನ್ನ ಹಿಡ್ಕೊಳ್ರಿ, ಬೇಡವಂತೆ!”

“ಬೇಡವಂತೆ, ಬೇಡವಂತೆ” ಎನ್ನುತ್ತ ಮಾತು ಬಸ್ಸಿನವರೆಗೂ ಹೋಯಿತು. ಬಂದವರೆಲ್ಲ ನೀರಿಗೆ ಬೆನ್ನು ತಿರುಗಿಸಿದರು. ಒಬ್ಬನ ಕಾಲೂ ಒದ್ದೆಯಾಗಲಿಲ್ಲ.

ಕೆಳಗೆ ಸುಂಕಣ್ಣ ಹುಟ್ಟನ್ನು ಎರಡೂ ಕೈಯಲ್ಲಿ ಮೇಲೆತ್ತಿ ಕುಣಿಸಿದ.

“ತಿರುಗಿದರು!” ಎಂದ ಪರಸಪ್ಪ. “ನನ್ನ ಅಕ್ಷರ ಯಾರೂ ನೋಡಲೇ ಇಲ್ಲ ಗುರುಗಳೇ, ಓದಿ ತಿರುಗಿದರು! ನಾನು ಬಾಯಿ ಬಿಡಲಿಲ್ಲ, ಆದರೂ ನಿಂತರು!”

ಅವನು ನಗುತ್ತಿದ್ದ, ಕಣ್ಣೊರೆಸಿಕೊಳ್ಳುತ್ತಿದ್ದ.

ಮೇಲೆ ಜನ ಗುಂಪಾಗಿ ನಿಂತಿದ್ದರು. “ಹಾಗಾದರೆ ಸ್ನಾನ ಎಲ್ಲಿ?” ಎಂದು ಯಾರೋ ಕೇಳಿದರು. ಬಂಡೆಯ ಆಚೆ, ಮರಳ ಮೇಲೆ, ಮೊಣಕಾಲುದ್ದದ ನೀರು ಹೊಳೆಯುತ್ತಿತ್ತು. ಅದು ಅವರಿಗೆ ಕಾಣುತ್ತಿರಲಿಲ್ಲ.

ಗುರುಗಳು ಶಾಲು ಬಿಟ್ಟು, ಕುಂಚ ತೆಗೆದು ಅವನ ಕೈಗಿಟ್ಟರು.

“ತಡೆಯೋದು ಮುಗಿಯಿತು ಪರಸಪ್ಪ. ಏಳು, ಆ ಕಡೆ ‘ಬನ್ನಿ’ ಅಂತ ಬರಿ.”